ರಿಯರ್ ವೀಲ್ ಡ್ರೈವ್ ಕಾರು ಹಿಮದಲ್ಲಿ ಓಡುವುದೇ ಇಲ್ಲವೇ? ವಿಂಟರ್ ಆಟೋಕ್ರಾಸ್ ಹೇಳುವ ನಿಜ

ಡಿಸೆಂಬರ್ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಬಗೆಯ ವಿಡಿಯೊ ತಪ್ಪದೆ ಹರಿದಾಡುತ್ತದೆ. ಹಿಮ ಬಿದ್ದ ರಸ್ತೆಯಲ್ಲಿ ಕಾರೊಂದು ಬರುತ್ತದೆ, ಅದರ ಹಿಂಭಾಗ ಜಾರುತ್ತದೆ, ಬುಗುರಿಯಂತೆ ತಿರುಗಿ ಕಂಬಕ್ಕೆ ಹೊಡೆಯುತ್ತದೆ. ಕೆಳಗೆ ಸಲಹೆಗಳ ಪಟ್ಟಿ: "ರಿಯರ್ ವೀಲ್ ಡ್ರೈವ್ ಕಾರನ್ನು ಹಿಮದಲ್ಲಿ ತೆಗೆಯಲೇಬೇಡಿ. ಫೋರ್ ವೀಲ್ ಡ್ರೈವ್ ಇದ್ದರೆ ಚಿಂತೆಯಿಲ್ಲ. ಟೈರಿನ ಗಾಳಿ ಇಳಿಸಿ. ಡಿಕ್ಕಿಯಲ್ಲಿ ಮರಳಿನ ಮೂಟೆ ಇಡಿ. ಎಲ್ಲರಿಗೂ ಶೇರ್ ಮಾಡಿ, ಜೀವ ಉಳಿಸಿ."

ನಮ್ಮ ಮನೆಯ ಗ್ರೂಪಿಗೂ ಇಂಥದ್ದೊಂದು ಬಂತು. ಹಾಕಿದವರು ನಮ್ಮ ದೊಡ್ಡಮ್ಮ. ಅದಕ್ಕೆ ಕಾರಣವೂ ಇತ್ತು. ಅಮೆರಿಕದ ಮಿನ್ನೆಸೋಟದಲ್ಲಿರುವ ಅವರ ಮಗ, ಅಂದರೆ ನನ್ನ ಅಣ್ಣ, ಹಳೆಯ ಮಾಜ್ದಾ ಮಿಯಾಟಾ ಕಾರು ತೆಗೆದುಕೊಂಡಿದ್ದ. ಎರಡೇ ಸೀಟಿನ, ಹಿಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಪುಟ್ಟ ಸ್ಪೋರ್ಟ್ಸ್ ಕಾರು. ಜನವರಿಯಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುವ ಆಟೋಕ್ರಾಸ್ ಸ್ಪರ್ಧೆಗೆ ಅದನ್ನು ಒಯ್ಯುತ್ತೇನೆ ಅಂದುಬಿಟ್ಟ. "ನಿನಗೇನು ಹುಚ್ಚೇನೋ? ಭಾವನ ಹಾಗೆ ದೊಡ್ಡ ಕಾರು ತಗೋಬಾರದಿತ್ತಾ?" ಅಂತ ದೊಡ್ಡಮ್ಮ ವಾಯ್ಸ್ ಮೆಸೇಜ್ ಹಾಕಿದರು. ಅದೇ ಊರಿನಲ್ಲಿರುವ ಭಾವ "ನಮ್ಮದು ಆಲ್ ವೀಲ್ ಡ್ರೈವ್ ಅತ್ತೆ, ಹಿಮ ಅಂದರೆ ನಮಗೆ ಲೆಕ್ಕಕ್ಕೇ ಇಲ್ಲ" ಅಂದರು.

ಎರಡು ವಾರದ ನಂತರ ಸಿಗ್ನಲ್‌ನಲ್ಲಿ ನಿಲ್ಲಲಾಗದೆ ಜಾರಿ, ರಸ್ತೆ ಬದಿಯ ಹಿಮದ ಗುಡ್ಡೆಗೆ ನುಗ್ಗಿದ್ದು ಭಾವನ ದೊಡ್ಡ ಕಾರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅಣ್ಣನ ಪುಟ್ಟ ಕಾರು ಸ್ಪರ್ಧೆ ಮುಗಿಸಿ ಮನೆಗೆ ಬಂತು.

ಇದು ಅದೃಷ್ಟದ ಮಾತೋ, ವಿಜ್ಞಾನದ ಮಾತೋ? ನೋಡೋಣ ಬನ್ನಿ.

ಆಟೋಕ್ರಾಸ್ ಅಂದರೆ ಏನು?

ಹೆಸರು ಕೇಳಿ ಹತ್ತಾರು ಕಾರುಗಳು ಒಂದರ ಹಿಂದೊಂದು ನುಗ್ಗುವ ರೇಸ್ ಎಂದುಕೊಳ್ಳಬೇಡಿ. ಅಮೆರಿಕದ ಆಟೋಕ್ರಾಸ್‌ನಲ್ಲಿ ಸ್ಪರ್ಧೆ ಗಡಿಯಾರದ ಜೊತೆ. ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೆಯ ವಿಮಾನ ನಿಲ್ದಾಣದಲ್ಲೋ ಪ್ಲಾಸ್ಟಿಕ್ ಕೋನ್‌ಗಳನ್ನಿಟ್ಟು ಅಂಕುಡೊಂಕಾದ ದಾರಿ ಮಾಡಿರುತ್ತಾರೆ. ಒಬ್ಬೊಬ್ಬರಾಗಿ ಓಡಿಸಬೇಕು, ಯಾರ ಸಮಯ ಕಡಿಮೆಯೋ ಅವರು ಗೆದ್ದಂತೆ. ಅಲ್ಲಿನ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ ನಿಯಮದಲ್ಲಿ ಒಂದು ಕೋನ್ ಉರುಳಿಸಿದರೆ ನಿಮ್ಮ ಸಮಯಕ್ಕೆ 2 ಸೆಕೆಂಡ್ ಸೇರಿಸುತ್ತಾರೆ. ಹೆಲ್ಮೆಟ್ ಕಡ್ಡಾಯ. ಓಟಕ್ಕೆ ಮುಂಚೆ ಕಾರಿನ ತಪಾಸಣೆ ಇರುತ್ತದೆ, ಒಳಗೆ ಸಡಿಲವಾಗಿ ಬಿದ್ದಿರುವ ನೀರಿನ ಬಾಟಲಿಯನ್ನೂ ತೆಗೆಸುತ್ತಾರೆ. ವೇಗ ಹೆದ್ದಾರಿಯ ವೇಗವನ್ನು ಸಾಮಾನ್ಯವಾಗಿ ಮೀರುವುದಿಲ್ಲ.

ನಮ್ಮ ದೇಶದಲ್ಲೂ ಆಟೋಕ್ರಾಸ್ ಇದೆ, ಆದರೆ ಇಲ್ಲಿ ಸಾಮಾನ್ಯವಾಗಿ ಮಣ್ಣಿನ ಟ್ರ್ಯಾಕ್. ಚಳಿ ಪ್ರದೇಶಗಳಲ್ಲಿ ಕೆಲವು ಕ್ಲಬ್‌ಗಳು ಚಳಿಗಾಲದಲ್ಲೂ ಆಟ ನಿಲ್ಲಿಸದೆ, ಹಿಮ ಬಿದ್ದ ಬಯಲಿನಲ್ಲಿ ಅಥವಾ ಗಟ್ಟಿಯಾಗಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಸುತ್ತವೆ. ಅದೇ ವಿಂಟರ್ ಆಟೋಕ್ರಾಸ್.

ಇನ್ನು ಮುಂದೆ ಹಿಮ ಅಂದರೆ ಆಕಾಶದಿಂದ ಉದುರಿದ, ಹಿಟ್ಟಿನಂಥ ಹಿಮ ಎಂದೂ, ಮಂಜುಗಡ್ಡೆ ಅಂದರೆ ಐಸ್ ಎಂದೂ ಇಟ್ಟುಕೊಳ್ಳೋಣ. ಕಾರಿಗೆ ಇವೆರಡೂ ಒಂದೇ ಅಲ್ಲ.

ಎಲ್ಲದಕ್ಕೂ ಮೂಲ: ನಾಲ್ಕು ಅಂಗೈ ಅಗಲದ ಹಿಡಿತ

ಒಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ನಿಮ್ಮ ಅಂಗೈಯಷ್ಟು. ಕಾರು ಮುಂದೆ ಹೋಗುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಈ ನಾಲ್ಕು ಅಂಗೈ ಅಗಲದ ಜಾಗದಲ್ಲಿರುವ ಘರ್ಷಣೆಯಿಂದ. ಶಾಲೆಯಲ್ಲಿ ಓದಿದ ಘರ್ಷಣಾ ಗುಣಾಂಕ ನೆನಪಿದೆಯಲ್ಲ? ಒಣ ಡಾಂಬರಿನ ಮೇಲೆ ಅದು ಸುಮಾರು 0.8. ಗಟ್ಟಿಯಾಗಿ ತುಳಿದ ಹಿಮದ ಮೇಲೆ 0.2ರಿಂದ 0.3. ಮಂಜುಗಡ್ಡೆಯ ಮೇಲೆ 0.1 ಅಥವಾ ಇನ್ನೂ ಕಡಿಮೆ.

ಇದನ್ನು ದೂರಕ್ಕೆ ತಿರುಗಿಸಿ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 12 ಮೀಟರ್ ಬೇಕು, ಅಂದರೆ ಒಂದು ದೊಡ್ಡ ಸಿಟಿ ಬಸ್ಸಿನ ಉದ್ದ. ತುಳಿದ ಹಿಮದ ಮೇಲೆ ಸುಮಾರು 40 ಮೀಟರ್. ಮಂಜುಗಡ್ಡೆಯ ಮೇಲೆ ಸುಮಾರು 100 ಮೀಟರ್, ಅಂದರೆ ಎಂಟು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು! ಡ್ರೈವರ್ ನೋಡಿ, ಯೋಚಿಸಿ, ಕಾಲು ಎತ್ತಿಡುವಷ್ಟರಲ್ಲಿ ಕಾರು ಸಾಗುವ ದೂರ ಇದರಲ್ಲಿ ಸೇರಿಲ್ಲ.

ತಿರುವಿನ ಲೆಕ್ಕವೂ ಹೀಗೆಯೇ. 20 ಮೀಟರ್ ತ್ರಿಜ್ಯದ ತಿರುವನ್ನು ಒಣ ರಸ್ತೆಯಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದವರೆಗೆ ದಾಟಬಹುದು. ಹಿಮದಲ್ಲಿ 25. ಮಂಜುಗಡ್ಡೆಯಲ್ಲಿ 16, ಅಂದರೆ ಸೈಕಲ್ ವೇಗ.

ಈ ಎರಡೂ ಲೆಕ್ಕಗಳಲ್ಲಿ ಒಂದು ವಿಷಯ ಗಮನಿಸಿ. ಎಂಜಿನ್ ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ ಎಂಬ ಪ್ರಶ್ನೆಯೇ ಬರಲಿಲ್ಲ. ಬಂದಿದ್ದು ಟೈರು ಮತ್ತು ನೆಲದ ನಡುವಿನ ಹಿಡಿತ ಹಾಗೂ ವೇಗ, ಇಷ್ಟೇ.

ಈಗ ಫಾರ್ವರ್ಡ್‌ನಲ್ಲಿದ್ದ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

ಮಾತು 1: ಫೋರ್ ವೀಲ್ ಡ್ರೈವ್ ಇದ್ದರೆ ಚಿಂತೆಯಿಲ್ಲ

ಅರ್ಧ ನಿಜ. ನಿಂತ ಕಾರು ಹೊರಡಬೇಕಾದರೆ, ಏರು ಹತ್ತಬೇಕಾದರೆ, ಹೂತ ಹಿಮದಿಂದ ಎದ್ದು ಬರಬೇಕಾದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರು ಖಂಡಿತ ಮೇಲು. ಕಾರಿನ ಪೂರ್ತಿ ತೂಕ ಹಿಡಿತಕ್ಕೆ ಒದಗುತ್ತದೆ. ಮುಂದಿನ ಚಕ್ರ ಎಳೆಯುವ ಸಾಮಾನ್ಯ ಕಾರಿನಲ್ಲಿ ತೂಕದ ಸುಮಾರು ಶೇಕಡಾ 60 ಭಾಗ ಮುಂದಿರುತ್ತದೆ, ಅಷ್ಟು ಕೆಲಸಕ್ಕೆ ಬರುತ್ತದೆ. ಮಿಯಾಟಾದಂಥ ಕಾರಿನಲ್ಲಿ ತೂಕ ಮುಂದೆ ಹಿಂದೆ ಹತ್ತಿರ ಹತ್ತಿರ ಅರ್ಧರ್ಧ. ಹಾಗಾಗಿ ಹೊರಡುವಾಗ ಅದು ಎಲ್ಲರಿಗಿಂತ ಹಿಂದೆ.

ಆದರೆ ಬ್ರೇಕ್ ವಿಷಯಕ್ಕೆ ಬಂದರೆ? ಎಲ್ಲ ಕಾರುಗಳಿಗೂ ಬ್ರೇಕ್ ಇರುವುದು ನಾಲ್ಕು ಚಕ್ರಗಳಿಗೆ! ನಿಲ್ಲುವಾಗ ಫೋರ್ ವೀಲ್ ಡ್ರೈವ್‌ಗೆ ಯಾವ ಹೆಚ್ಚುಗಾರಿಕೆಯೂ ಇಲ್ಲ. ಭಾವನ ಕಾರಿಗೆ ಆದದ್ದು ಇದೇ. ಸರಾಗವಾಗಿ ಹೊರಟು ವೇಗ ಹಿಡಿಯಿತು, ಆದ್ದರಿಂದ ರಸ್ತೆ ಎಷ್ಟು ಜಾರುತ್ತಿದೆ ಎನ್ನುವುದು ಅವರಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದು ಬ್ರೇಕ್ ಒತ್ತಿದಾಗ. ಹೊರಡುವಾಗಲೇ ಹಿಂಭಾಗ ಅಲ್ಲಾಡಿಸಿ "ಇಲ್ಲಿ ಜಾರುತ್ತೆ" ಎಂದು ಹೇಳಿಬಿಡುವ ಕಾರು ಒಂದು ರೀತಿಯಲ್ಲಿ ಪ್ರಾಮಾಣಿಕ.

ಮಾತು 2: ರಿಯರ್ ವೀಲ್ ಡ್ರೈವ್ ಕಾರು ತಿರುಗಿ ಬೀಳುವುದು ಖಚಿತ

ಖಚಿತವಲ್ಲ. ಆದರೆ ಹೆದರಿಕೆಗೆ ಕಾರಣವಿದೆ. ಒಂದು ಟೈರಿನ ಬಳಿ ಇರುವ ಹಿಡಿತವನ್ನು ತಿಂಗಳ ಸಂಬಳ ಎಂದುಕೊಳ್ಳಿ. ಅದರಲ್ಲೇ ಕಾರನ್ನು ಮುಂದೆ ತಳ್ಳುವ ಖರ್ಚು, ತಿರುವಿನಲ್ಲಿ ಅಡ್ಡ ಜಾರದಂತೆ ಹಿಡಿಯುವ ಖರ್ಚು, ಎರಡೂ ನಡೆಯಬೇಕು. ತಿರುವಿನ ಮಧ್ಯೆ ಆಕ್ಸಿಲರೇಟರ್ ಜೋರಾಗಿ ತುಳಿದರೆ ಹಿಂದಿನ ಟೈರು ಇದ್ದ ಹಿಡಿತವನ್ನೆಲ್ಲ ಮುಂದೆ ತಳ್ಳುವುದಕ್ಕೇ ಸುರಿಯುತ್ತದೆ. ಅಡ್ಡ ಹಿಡಿಯಲು ಏನೂ ಉಳಿಯುವುದಿಲ್ಲ, ಹಿಂಭಾಗ ಜಾರುತ್ತದೆ.

ಮುಂದಿನ ಚಕ್ರದ ಕಾರೂ ಇದೇ ತಪ್ಪು ಮಾಡುತ್ತದೆ, ಆದರೆ ಅಲ್ಲಿ ಸೋಲುವುದು ಮುಂದಿನ ಟೈರು. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ಹೋಗಿ ತಿರುವಿನ ಹೊರಗೆ ಬೀಳುತ್ತದೆ. ನೋಡಲು ಇದು ನಾಟಕೀಯವಾಗಿರುವುದಿಲ್ಲ, ಹಾಗಾಗಿ ವಿಡಿಯೊ ಆಗುವುದೂ ಕಡಿಮೆ. ಗುಂಡಿಗೆ ಬೀಳುವುದು ಎರಡೂ ಕಾರು!

ಅಷ್ಟಕ್ಕೂ ರಿಯರ್ ವೀಲ್ ಡ್ರೈವ್ ನಮಗೆ ಅಪರಿಚಿತವಲ್ಲ. ಅಂಬಾಸಿಡರ್, ಮಾರುತಿ ಓಮ್ನಿ ಹಾಗಿದ್ದವು. ಈಕೊ ಹಾಗೂ ಇನ್ನೋವಾ ಕ್ರಿಸ್ಟಾ ಹಾಗೆಯೇ ಇವೆ. ಮಲೆನಾಡಿನ ಮಳೆಯಲ್ಲಿ ಇವುಗಳಲ್ಲಿ ಘಟ್ಟ ಹತ್ತಿಳಿದವರು ಸಾವಿರಾರು ಮಂದಿ. ಬಲಗಾಲು ಮೆತ್ತಗಿದ್ದರೆ ಹಿಂದಿನ ಚಕ್ರ ಶತ್ರುವಲ್ಲ.

ಮಾತು 3: ಟೈರಿನ ಗಾಳಿ ಇಳಿಸಿ

ರಸ್ತೆಯಲ್ಲಿ ಓಡಿಸುವವರಿಗೆ ಇದು ತಪ್ಪು ಸಲಹೆ. ಮರಳುಗಾಡಿನಲ್ಲಿ ಅಥವಾ ಆಳವಾದ ಮೆತ್ತನೆಯ ಹಿಮದಲ್ಲಿ, ತೀರಾ ನಿಧಾನಕ್ಕೆ ಸಾಗುವವರು ಗಾಳಿ ಇಳಿಸುವುದುಂಟು. ಅದನ್ನೇ ರಸ್ತೆಗೆ ತರಬಾರದು. ಯಾಕೆಂದರೆ ಚಳಿಯೇ ಆಗಲೇ ಗಾಳಿ ಇಳಿಸಿರುತ್ತದೆ. ತಾಪಮಾನ ಇಳಿದಾಗ ಒತ್ತಡ ಇಳಿಯುತ್ತದೆ. 15 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ತುಂಬಿಸಿದ ಟೈರು ಮೈನಸ್ 15 ಡಿಗ್ರಿಗೆ ಬಂದರೆ ಸುಮಾರು 5 ಪಿಎಸ್‌ಐ ಕಳೆದುಕೊಂಡಿರುತ್ತದೆ. ಚಳಿಯಲ್ಲಿ ಮಾಡಬೇಕಾದದ್ದು ಗಾಳಿ ಇಳಿಸುವುದಲ್ಲ, ಕಂಪನಿ ಹೇಳಿದಷ್ಟು ಇದೆಯೇ ಎಂದು ಮತ್ತೆ ಮತ್ತೆ ನೋಡುವುದು.

ಮಾತು 4: ಡಿಕ್ಕಿಯಲ್ಲಿ ಮರಳಿನ ಮೂಟೆ ಇಡಿ

ಇದು ಹುಟ್ಟಿದ್ದು ಪಿಕಪ್ ಗಾಡಿಗಳಿಂದ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಹಾಗಾಗಿ ಹಿಂದಿನ ಆಕ್ಸಲ್ ಮೇಲೆ ತೂಕ ಇಟ್ಟರೆ ಹೊರಡಲು ಅನುಕೂಲ. ತೂಕ ಮೊದಲೇ ಸಮವಾಗಿರುವ ಸ್ಪೋರ್ಟ್ಸ್ ಕಾರಿಗೆ ಇದರಿಂದ ಸಿಗುವ ಲಾಭ ಕಡಿಮೆ. ಹಿಂಭಾಗ ಒಮ್ಮೆ ಜಾರಲು ಶುರುವಾದರೆ ಅಲ್ಲಿನ ಹೆಚ್ಚುವರಿ ತೂಕ ಕಾರನ್ನು ಇನ್ನಷ್ಟು ತಿರುಗಿಸುತ್ತದೆ. ಕಟ್ಟದೆ ಇಟ್ಟ ಮೂಟೆ ಅಪಘಾತದಲ್ಲಿ ಒಳಗಿರುವವರ ಮೇಲೇ ಬರಬಹುದು. ಆಟೋಕ್ರಾಸ್ ತಪಾಸಣೆಯಲ್ಲಿ ನೀರಿನ ಬಾಟಲಿ ತೆಗೆಸುವುದು ಸುಮ್ಮನೆ ಅಲ್ಲ.

ಮಾತು 5: ಚಳಿ ಹೆಚ್ಚಾದಷ್ಟೂ ಜಾರುವುದು ಹೆಚ್ಚು

ಇದು ಎಲ್ಲರೂ ನಂಬುವ ಮಾತು, ಆದರೆ ನಿಜ ಇದಕ್ಕೆ ಉಲ್ಟಾ. ಮಂಜುಗಡ್ಡೆಯ ಮೇಲ್ಮೈಯಲ್ಲಿರುವ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಬಂಧಿತವಾಗಿರುವುದಿಲ್ಲ. ಅಲ್ಲಿ ನೀರಿನಂಥ ತೆಳು ಪದರ ಇರುತ್ತದೆ ಎಂದು ವಿಜ್ಞಾನಿ ಮೈಕೆಲ್ ಫ್ಯಾರಡೆ 1850ರಲ್ಲೇ ಹೇಳಿದ್ದರು. ಉಜ್ಜುವಾಗ ಹುಟ್ಟುವ ಶಾಖವೂ ಅದಕ್ಕೆ ಸೇರಿಕೊಳ್ಳುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಈ ಪದರ ಹೆಚ್ಚು, ಹಾಗಾಗಿ ಆಗ ಜಾರುವುದೂ ಹೆಚ್ಚು. ಮೈನಸ್ 20 ಡಿಗ್ರಿಯಲ್ಲಿ ಅದೇ ಮಂಜುಗಡ್ಡೆ ಟೈರಿಗೆ ಸ್ವಲ್ಪ ಹೆಚ್ಚು ಹಿಡಿತ ಕೊಡುತ್ತದೆ. ಬಿಸಿಲು ಬಂತು, ಇನ್ನೇನು ಭಯವಿಲ್ಲ ಎಂದುಕೊಳ್ಳುವ ಹೊತ್ತೇ ನಿಜವಾಗಿ ಜಾರುವ ಹೊತ್ತು.

ಹಾಗಾದರೆ ಅಣ್ಣ ಮಾಡಿದ್ದೇನು?

ಮೊದಲ ಕೆಲಸ: ಟೈರು ಬದಲಿಸಿದ್ದು. ಸ್ಪೋರ್ಟ್ಸ್ ಕಾರುಗಳಿಗೆ ಬರುವ ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಗಟ್ಟಿ ರಬ್ಬರು ನೆಲದ ಒರಟಿಗೆ ಹೊಂದಿಕೊಳ್ಳುವುದಿಲ್ಲ. ತೀರಾ ಚಳಿಯಲ್ಲಿ ಇಂಥ ಟೈರು ಬಿರುಕು ಬಿಡಬಹುದು ಎಂದು ಕೆಲವು ತಯಾರಕರೇ ಎಚ್ಚರಿಸುತ್ತಾರೆ. ವಿಂಟರ್ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೇಲೆ ಬ್ಲೇಡಿನಲ್ಲಿ ಕೊಯ್ದಂಥ ನೂರಾರು ಸಣ್ಣ ಸೀಳುಗಳಿರುತ್ತವೆ, ಅವು ಹಿಮವನ್ನು ಕಚ್ಚುತ್ತವೆ. ಇಂಥ ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇರುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರು ಕಾನೂನಿನಿಂದಲೇ ಕಡ್ಡಾಯ, ಕಾರು ಫೋರ್ ವೀಲ್ ಡ್ರೈವ್ ಆದರೂ ಅಷ್ಟೇ. ಭಾವನ ಕಾರಿನಲ್ಲಿದ್ದದ್ದು ಅರ್ಧ ಸವೆದ ಆಲ್ ಸೀಸನ್ ಟೈರು.

ಎರಡನೆಯದು: ಕೆರೆಯ ವಿಚಾರ. ದೊಡ್ಡಮ್ಮನ ದೊಡ್ಡ ಭಯ ಇದೇ ಆಗಿತ್ತು, ಮತ್ತು ಅದು ಸರಿಯಾದ ಭಯ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಮನುಷ್ಯರು ನಡೆಯಲಿಕ್ಕೇ ಕನಿಷ್ಠ 4 ಇಂಚು ದಪ್ಪದ ಗಟ್ಟಿ ಮಂಜುಗಡ್ಡೆ ಇರಬೇಕು ಎನ್ನುತ್ತದೆ. ಕಾರಿಗೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಬೇಕು. ಇಷ್ಟಿದ್ದರೂ ಯಾವ ಮಂಜುಗಡ್ಡೆಯೂ ನೂರಕ್ಕೆ ನೂರು ಸುರಕ್ಷಿತವಲ್ಲ ಎಂದು ಅದೇ ಇಲಾಖೆ ಹೇಳುತ್ತದೆ. ಅಣ್ಣ ಹೋದ ಕಡೆ ಆಯೋಜಕರು ಹಲವು ಜಾಗಗಳಲ್ಲಿ ರಂಧ್ರ ಕೊರೆದು ದಪ್ಪ ಅಳೆದಿದ್ದರು. ಅಳೆಯದ ಕೆರೆಯ ಮೇಲೆ ಕಾರು ಇಳಿಸುವುದು ಆಟವಲ್ಲ, ಆತ್ಮಹತ್ಯೆ.

ಮೂರನೆಯದು: ಓಡಿಸುವ ರೀತಿ. ಮೊದಲು ಕೋನ್‌ಗಳ ನಡುವೆ ಕಾಲ್ನಡಿಗೆಯಲ್ಲಿ ಸುತ್ತಿ ದಾರಿ ಮನಸ್ಸಿಗೆ ತಂದುಕೊಂಡ. ಮೊದಲ ಗೇರಿನ ಬದಲು ಎರಡನೇ ಗೇರಿನಲ್ಲಿ ಹೊರಟ, ಚಕ್ರಕ್ಕೆ ಹೋಗುವ ಎಳೆತ ಕಡಿಮೆಯಾಗಿ ಸುಮ್ಮನೆ ತಿರುಗುವುದು ತಪ್ಪಲಿ ಎಂದು. ಬ್ರೇಕೆಲ್ಲ ನೇರ ದಾರಿಯಲ್ಲೇ ಮುಗಿಸಿ, ಆಮೇಲೆ ಸ್ಟೀರಿಂಗ್, ಅದು ನೆಟ್ಟಗಾಗುತ್ತಾ ಬಂದ ಮೇಲೆ ಆಕ್ಸಿಲರೇಟರ್. ಒಂದು ಹೊತ್ತಿಗೆ ಒಂದೇ ಖರ್ಚು, ಸಂಬಳದ ಲೆಕ್ಕದ ಹಾಗೆ.

ಮೊದಲ ಓಟದಲ್ಲೇ ಕಾರು ಪೂರ್ತಿ ಒಂದು ಸುತ್ತು ತಿರುಗಿತು. ಎರಡು ಕೋನ್ ಉರುಳಿದವು, 4 ಸೆಕೆಂಡ್ ದಂಡ ಬಿತ್ತು. ಅಷ್ಟೇ ಆದದ್ದು. ಅದೇ ತಪ್ಪು ರಸ್ತೆಯಲ್ಲಾಗಿದ್ದರೆ ಆ ಕೋನ್‌ಗಳ ಜಾಗದಲ್ಲಿ ಲೈಟು ಕಂಬವೋ, ಶಾಲೆಗೆ ಹೋಗುವ ಮಗುವೋ ಇರುತ್ತಿತ್ತು. ವಿಂಟರ್ ಆಟೋಕ್ರಾಸ್‌ನ ನಿಜವಾದ ಉಪಯೋಗ ಇದು. ತಪ್ಪು ಮಾಡಲು ಜಾಗ ಕೊಡುತ್ತದೆ, ತಪ್ಪಿನ ಬೆಲೆ ಕೆಲವು ಸೆಕೆಂಡ್ ಮಾತ್ರ.

ಕೊನೆಯ ಓಟದ ಹೊತ್ತಿಗೆ ಅವನಿಗೆ ಇನ್ನೊಂದು ಹೊಳೆಯಿತು. ಎಲ್ಲ ಕಾರುಗಳೂ ಓಡಿ ಓಡಿ ದಾರಿಯ ನಡುಭಾಗ ಕನ್ನಡಿಯಂತೆ ನುಣುಪಾಗಿತ್ತು. ಸ್ವಲ್ಪ ಹೊರಗೆ, ಪುಡಿ ಹಿಮ ಉಳಿದ ಒರಟು ಜಾಗದಲ್ಲಿ ಟೈರಿಗೆ ಹೆಚ್ಚು ಹಿಡಿತ ಸಿಕ್ಕಿತು. ದೂರ ಹೆಚ್ಚಾದರೂ ಸಮಯ ಕಡಿಮೆಯಾಯಿತು. ವಿಡಿಯೊಗಳಲ್ಲಿ ಕಾಣುವಂತೆ ಹಿಮ ಚಿಮ್ಮಿಸುತ್ತಾ ಅಡ್ಡಡ್ಡ ಜಾರಿದ ಓಟಗಳೆಲ್ಲ ನಿಧಾನದ್ದಾಗಿದ್ದವು. ಗೆದ್ದ ಓಟಗಳನ್ನು ನೋಡಿದರೆ ಬೇಸರ ಬರುವಷ್ಟು ಶಾಂತ. ಅಣ್ಣ ಗೆಲ್ಲಲಿಲ್ಲ, ಪಟ್ಟಿಯ ಕೆಳಗಿನ ಅರ್ಧದಲ್ಲಿದ್ದ. ಬೇಸರವೇನೂ ಇರಲಿಲ್ಲ.

ಕಾರು ಜಾರಿದಾಗ ಏನು ಮಾಡಬೇಕು?

"ಜಾರಿದ ಕಡೆಗೇ ತಿರುಗಿಸಿ" ಎಂಬ ಸಲಹೆ ಗೊಂದಲದ್ದು. ಹೀಗೆ ನೆನಪಿಡಿ: ಕಾರು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡಿ, ಅಲ್ಲಿಗೇ ಸ್ಟೀರಿಂಗ್ ತಿರುಗಿಸಿ. ಹಿಂಭಾಗ ಬಲಕ್ಕೆ ಜಾರಿದರೆ ಕಾರಿನ ಮೂತಿ ಎಡಕ್ಕೆ ತಿರುಗಿರುತ್ತದೆ, ಆದ್ದರಿಂದ ಸ್ಟೀರಿಂಗ್ ಬಲಕ್ಕೆ. ಆಕ್ಸಿಲರೇಟರ್‌ನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ, ಬ್ರೇಕ್ ಮೇಲೆ ಹಾರಬೇಡಿ. ಮುಂಭಾಗ ಜಾರಿ ಕಾರು ತಿರುಗದಿದ್ದರೆ ಇನ್ನಷ್ಟು ತಿರುಗಿಸಬೇಡಿ. ಸ್ಟೀರಿಂಗ್ ಸ್ವಲ್ಪ ಸಡಿಲಿಸಿ, ವೇಗ ಇಳಿದು ಟೈರು ಮತ್ತೆ ಹಿಡಿಯುವವರೆಗೆ ಕಾಯಿರಿ.

ತುರ್ತಾಗಿ ನಿಲ್ಲಿಸಬೇಕಾದಾಗ, ಎಬಿಎಸ್ ಇರುವ ಕಾರಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಕಾಲಡಿ ಗಡಗಡ ಎಂದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ, ಹೆದರಿ ಬಿಡಬೇಡಿ. ಒತ್ತಿ ಬಿಟ್ಟು ಮಾಡುವ ಹಳೆಯ ಪದ್ಧತಿ ಎಬಿಎಸ್ ಇಲ್ಲದ ಕಾರುಗಳಿಗೆ.

ಕರ್ನಾಟಕದಲ್ಲಿ ಕುಳಿತ ನಮಗೆ ಇದರಿಂದೇನು?

ಎರಡು ಕಾರಣ. ನಮ್ಮವರು ಅನೇಕರು ಹಿಮ ಬೀಳುವ ದೇಶಗಳಲ್ಲಿದ್ದಾರೆ, ಊರಿನಿಂದ ಅವರಿಗೆ ಹೋಗುವ ಫಾರ್ವರ್ಡ್‌ಗಳು ಕಡಿಮೆಯಿಲ್ಲ. ಇನ್ನೊಂದು, ಚಳಿಗಾಲದಲ್ಲಿ ಮನಾಲಿ ಕಡೆ ಪ್ರವಾಸ ಹೋಗುವವರು ಬಹಳ. ಹಿಮ ಬಿದ್ದಾಗ ಅಲ್ಲಿ ಮುಂದಕ್ಕೆ 4x4 ಗಾಡಿಗಳನ್ನಷ್ಟೇ ಬಿಡುವುದುಂಟು. ಅದು ಏರು ಹತ್ತಲು ನೆರವಾಗುತ್ತದೆ, ಇಳಿಜಾರಿನಲ್ಲಿ ನಿಲ್ಲಿಸಲು ಅಲ್ಲ. ಅಂಥ ರಸ್ತೆಯಲ್ಲಿ ಮೊದಲ ಬಾರಿ ಹಿಮ ನೋಡುತ್ತಿರುವವರು ತಾವೇ ಓಡಿಸುವುದಕ್ಕಿಂತ ಸ್ಥಳೀಯ ಡ್ರೈವರ್‌ಗೆ ಬಿಡುವುದು ಜಾಣತನ. ಚಕ್ರಕ್ಕೆ ಸರಪಳಿ ಹಾಕುವುದಾದರೆ ಎಂಜಿನ್ ಶಕ್ತಿ ಹೋಗುವ ಚಕ್ರಕ್ಕೆ ಹಾಕಬೇಕು, ಇನ್ನೋವಾ ಕ್ರಿಸ್ಟಾದಂಥ ಗಾಡಿಗೆ ಅಂದರೆ ಹಿಂದಿನ ಚಕ್ರಕ್ಕೆ.

ನಮ್ಮ ಘಟ್ಟದ ಮಳೆಗೂ ಇದೇ ವಿಜ್ಞಾನ. ಸವೆದ ಟೈರಿಗೆ ನೀರು ಹೊರಹಾಕಲು ಆಗುವುದಿಲ್ಲ. ಎಷ್ಟು ದುಡ್ಡಿನ ಕಾರಾದರೂ ನೆಲ ಮುಟ್ಟುವುದು ಆ ನಾಲ್ಕು ಅಂಗೈ ಅಗಲದಲ್ಲೇ.

ಕೊನೆಗೆ, ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ:

• ಫೋರ್ ವೀಲ್ ಡ್ರೈವ್ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ.
• ಹಿಮದಲ್ಲಿ ಮೊದಲು ನೋಡಬೇಕಾದದ್ದು ಟೈರು, ಆಮೇಲೆ ಕಾರು.
• ಚಳಿಯಲ್ಲಿ ಟೈರಿನ ಗಾಳಿ ತಾನಾಗಿಯೇ ಇಳಿಯುತ್ತದೆ. ಪರೀಕ್ಷಿಸಿ, ಇನ್ನೂ ಇಳಿಸಬೇಡಿ.
• ಸೊನ್ನೆ ಡಿಗ್ರಿಯ ಆಸುಪಾಸಿನ ರಸ್ತೆ ಹೆಚ್ಚು ಜಾರುತ್ತದೆ.
• ಜಾರುವುದನ್ನು ಕಲಿಯಬೇಕಾದರೆ ಅದಕ್ಕೆಂದೇ ಇರುವ ಜಾಗಕ್ಕೆ ಹೋಗಿ. ಸಾರ್ವಜನಿಕ ರಸ್ತೆಯಲ್ಲಿ, ಅಳೆಯದ ಕೆರೆಯ ಮೇಲೆ ಬೇಡ.

ನಮ್ಮ ಗ್ರೂಪಿನಲ್ಲಿ ಈಗ ಭಾವನ ಕಾರಿಗೂ ವಿಂಟರ್ ಟೈರು ಬಂದಿದೆ. ದೊಡ್ಡಮ್ಮ ಆ ವಿಡಿಯೊ ಡಿಲೀಟ್ ಮಾಡಿಲ್ಲ, ಆದರೆ ಕೆಳಗೆ ಒಂದು ಸಾಲು ಸೇರಿಸಿದ್ದಾರೆ: "ಟೈರು ನೋಡ್ಕೊಳ್ರಪ್ಪ."